ಕಾಫಿ ಆರುವುದರೊಳಗೆ

ನಮ್ಮ ಊರಿನಲ್ಲಿ ಕಾರುಗಳು ಏಳುತ್ತವೆ. ಎಲ್ಲ ಕಾರೂ ಅಲ್ಲ, ಎಲ್ಲ ದಿನವೂ ಅಲ್ಲ. ತಮ್ಮ ಪಾಡಿಗೆ ರಸ್ತೆಯ ಮೇಲೆ ಹೋಗುತ್ತಿರುವಾಗ ಇದ್ದಕ್ಕಿದ್ದಂತೆ ಸ್ಟಿಯರಿಂಗ್ ಹಗುರಾಗುತ್ತದೆ, ಚಕ್ರದ ಸದ್ದು ನಿಲ್ಲುತ್ತದೆ, ಕಿಟಕಿಯಾಚೆ ಕಾಣುತ್ತಿದ್ದ ಜನರ ಮುಖ ಹೋಗಿ ನೆತ್ತಿ ಕಾಣುತ್ತದೆ, ನೆತ್ತಿ ಹೋಗಿ ಅಂಗಡಿಯ ಬೋರ್ಡು ಬರುತ್ತದೆ, ಬೋರ್ಡು ಹೋಗಿ ಯಾರದೋ ತಾರಸಿಯ ಮೇಲೆ ಒಣಹಾಕಿದ ಸಂಡಿಗೆ ಬರುತ್ತದೆ. ಅಲ್ಲಿಗೆ ನಿಲ್ಲುತ್ತದೆ. ಅದಕ್ಕಿಂತ ಮೇಲೆ ಹೋದ ಕಾರನ್ನು ನಾನು ಕಂಡಿಲ್ಲ. ಎದ್ದ ಕೂಡಲೇ ಎಂಜಿನ್ ಆರಿಸಬೇಕು, ಹ್ಯಾಂಡ್ ಬ್ರೇಕ್ ಎಳೆಯಬೇಕು, ಕೆಳಗಿನವರಿಗೆ ಗೊತ್ತಾಗಲೆಂದು ಹಾರನ್ ಹೊಡೆಯಬೇಕು. ಡ್ರೈವಿಂಗ್ ಕಲಿಸುವವರು ನಮ್ಮಲ್ಲಿ ಮೊದಲು ಹೇಳಿಕೊಡುವುದೇ ಇದನ್ನು. ನಮ್ಮ ಊರಿನ ಕರೆಂಟು ತಂತಿಗಳೆಲ್ಲ ನೆಲದೊಳಗಿವೆ. ಮಹಡಿ ಮನೆಗಳ ಬಾಲ್ಕನಿಯಲ್ಲಿ ಉದ್ದನೆಯ ಹಿಡಿಯ ಸೌಟೊಂದು ಸದಾ ನೇತಾಡುತ್ತಿರುತ್ತದೆ; ಮೇಲೆ ಬಂದು ನಿಂತವರಿಗೆ ಅದರಲ್ಲೇ ಕಾಫಿಯ ಲೋಟ ಇಟ್ಟು ಚಾಚುತ್ತಾರೆ. ತಡವಾಗಿ ಬಂದವರು "ಕಾರು ಎದ್ದಿತ್ತು" ಅಂದರೆ ಅದರ ಮೇಲೆ ಮಾತಿಲ್ಲ.

ಎದ್ದ ಕಾರು ತಾನಾಗಿಯೂ ಇಳಿಯುತ್ತದೆ. ಆದರೆ ಅದಕ್ಕೆ ಯಾವಾಗ ಮನಸ್ಸು ಬರುತ್ತದೋ, ಎಲ್ಲಿ ಇಳಿಯುವ ಮನಸ್ಸು ಬರುತ್ತದೋ ಹೇಳುವ ಹಾಗಿಲ್ಲ. ಹೋದ ವರ್ಷ ನಮ್ಮ ಕಾರು ಮೆಲ್ಲಗೆ ತೇಲಿಕೊಂಡು ಹೋಗಿ ದರ್ಜಿಯೊಬ್ಬರ ಹೆಂಚಿನ ಮನೆಯ ಮೇಲೆ ಕೋಳಿಯ ಹಾಗೆ ಕಾವು ಕೂತಿತ್ತು. ಹಾಗಾಗದಿರಲಿ ಅಂತಲೇ ಕೊಕ್ಕೆ ಎಸೆದು ಎಳೆದು ಇಳಿಸುವವರು ಇರುವುದು, ಹಾಗಾದಾಗ ಹೆಂಚಿನ ದುಡ್ಡು ಕೊಡಲಿ ಅಂತಲೇ ವಿಮೆ ಇರುವುದು. ನಮ್ಮಲ್ಲಿ ಎರಡನ್ನೂ ಒಬ್ಬರೇ ನೋಡಿಕೊಳ್ಳುವುದು ರೂಢಿ.

ನನ್ನದು ದೋಸೆ ಹಿಟ್ಟಿನ ವ್ಯಾಪಾರ. ರಾತ್ರಿ ರುಬ್ಬಿಟ್ಟ ಹಿಟ್ಟನ್ನು ಬೆಳಗ್ಗೆ ದೊಡ್ಡ ದೊಡ್ಡ ಡಬರಿಗಳಲ್ಲಿ ತುಂಬಿ, ಕಾರಿನ ಹಿಂದುಗಡೆ ಇಟ್ಟುಕೊಂಡು ಹೊರಡುತ್ತೇನೆ. ಮೊದಲು ವಾಸು ಭಟ್ಟರ ಹೋಟೆಲು, ಆಮೇಲೆ ಹಾಸ್ಟೆಲು, ಆಮೇಲೆ ಮನೆಗಳು. ಪಕ್ಕದ ಸೀಟಿನಲ್ಲಿ ನಮ್ಮತ್ತೆ. ಹಿಟ್ಟಿನ ಹದ ನೋಡುವುದಕ್ಕೆ ಬರುತ್ತೇನೆ ಎಂದು ಅವರು ಹೇಳುತ್ತಾರೆ. ಹಿಟ್ಟಿನ ಹದ ಮನೆಯಲ್ಲೇ ನೋಡಿ ಆಗಿರುತ್ತದೆ. ಕಾರು ಎದ್ದರೆ ತಾವು ಒಳಗಿರಬೇಕು ಎನ್ನುವುದೇ ಅವರ ಆಸೆ ಎಂದು ನನಗೂ ಗೊತ್ತು, ನನಗೆ ಗೊತ್ತೆಂದು ಅವರಿಗೂ ಗೊತ್ತು. ಎದ್ದ ಕೂಡಲೇ ಕನ್ನಡಕ ಒರೆಸಿ ಹಾಕಿಕೊಂಡು ಕಿಟಕಿಯ ಗಾಜು ಇಳಿಸಿ, ಊರಿನವರ ತಾರಸಿಗಳನ್ನೆಲ್ಲ ಒಂದೊಂದಾಗಿ ನೋಡುತ್ತಾರೆ. "ಅಯ್ಯೋ, ಇವರಿನ್ನೂ ನೀರಿನ ಟ್ಯಾಂಕಿಗೆ ಮುಚ್ಚಳ ಹಾಕ್ಸಿಲ್ಲ ಕಣೇ" ಎನ್ನುತ್ತಾರೆ.

ಅವರಿಗೆ ಸಂತೋಷ, ನನಗೆ ಸಂಕಟ. ಆ ತಿಂಗಳು ನಮ್ಮ ಕಾರಿಗೆ ಏಳುವ ಹುಚ್ಚು ಹತ್ತಿತ್ತು. ನಮ್ಮ ವಿಮೆ ಮೊದಲಿನಿಂದಲೂ ಮೋಟಾರು ಹಿತಚಿಂತಕ ಸಂಘದ್ದು. ಸಂಘದ ಕೊಕ್ಕೆಯವರು ಮರೀಗೌಡರು. ಅವರು ಬರುವುದು ಸೈಕಲ್ಲಿನ ಮೇಲೆ, ಹಗ್ಗ ಹೆಗಲಿಗೆ ಹಾಕಿಕೊಂಡು, ದಾರಿಯಲ್ಲಿ ಸಿಕ್ಕವರ ಯೋಗಕ್ಷೇಮ ವಿಚಾರಿಸಿಕೊಂಡು. ಎರಡು ಸಲ ಅವರು ಬಂದು ಇಳಿಸುವ ಹೊತ್ತಿಗೆ ಬಿಸಿಲೇರಿ ಹಿಟ್ಟು ಹುಳಿ ಬಂದು ಡಬರಿಯ ಮುಚ್ಚಳ ತಾನೇ ತೆಗೆದುಕೊಂಡಿತ್ತು. ಎರಡನೇ ಸಲ ವಾಸು ಭಟ್ಟರು ಹೋಟೆಲಿನ ಮೆಟ್ಟಿಲಿಳಿದು ಬಂದು ನನಗೆ ಕೈ ಮುಗಿದರು. ಬೈದಿದ್ದರೆ ಇಷ್ಟು ಭಯವಾಗುತ್ತಿರಲಿಲ್ಲ.

"ನೋಡಮ್ಮ ಕುಮುದಾ, ನಿನ್ನ ಹಿಟ್ಟಿನಂಥ ಹಿಟ್ಟು ಈ ಊರಲ್ಲಿಲ್ಲ. ಆದ್ರೆ ತಿಂಡಿ ಹೊತ್ತಿಗೆ ಬರದೇ ಇರೋ ಹಿಟ್ಟು ಎಷ್ಟು ಚೆನ್ನಾಗಿದ್ರೆ ನನಗೇನು? ಇವತ್ತು ಗಿರಾಕಿಗಳಿಗೆಲ್ಲ ಉಪ್ಪಿಟ್ಟು ಕೊಟ್ಟೆ. ಉಪ್ಪಿಟ್ಟು ತಿಂದೋರ ಮುಖ ನೋಡಕ್ಕಾಗಲ್ಲ. ಇನ್ನೊಂದ್ಸಲ ಹೀಗಾದ್ರೆ ನಾನು ಬೇರೆ ಕಡೆ ನೋಡ್ಕೊಬೇಕಾಗತ್ತೆ, ಬೇಜಾರು ಮಾಡ್ಕೋಬೇಡ."

ಭಟ್ಟರು ಹೋದರೆ ನನ್ನ ವ್ಯಾಪಾರದ ಅರ್ಧ ಹೋದಂತೆ. ಆ ವಾರವೇ ನಮ್ಮ ವಿಮೆಯ ಅವಧಿಯೂ ಮುಗಿಯುವುದರಲ್ಲಿತ್ತು. ಅದು ಹೇಗೋ ಮಿಂಚು ವಿಮೆಯವರಿಗೆ ಗೊತ್ತಾಗಿ, ಅವರ ಏಜೆಂಟ್ ಹರಿಣಿ ಎನ್ನುವ ಹುಡುಗಿ ನಮ್ಮ ಮನೆಗೆ ಬಂದಳು. ಮಿಂಚು ನಮ್ಮ ಊರಿಗೆ ಹೊಸದು. ಅವರ ಕ್ರೇನು ನೇರಳೆ ಬಣ್ಣದ್ದು, ಅದರ ಮೇಲೆ ದೊಡ್ಡದಾಗಿ "ಕಾಫಿ ಆರುವುದರೊಳಗೆ" ಎಂದು ಬರೆದಿದೆ. ಕಾರು ಎದ್ದ ಮೇಲೆ ನೀವು ಫೋನ್ ಮಾಡಿ ಒಂದು ಲೋಟ ಕಾಫಿ ಕೈಗೆ ತೆಗೆದುಕೊಂಡರೆ, ಅದು ಆರುವುದರೊಳಗೆ ಅವರು ಬಂದಿರುತ್ತಾರೆ ಅಂತ.

"ಬರೀ ಬರೋದಲ್ಲ ಮೇಡಂ. ನಮ್ಮ ವಿಮೆ ತಗೊಂಡ್ರೆ ಕಾರಿನ ಹೊಟ್ಟೆಗೆ ಕಬ್ಬಿಣದ ಹಾಸು ಹಾಕಿಕೊಡ್ತೀವಿ. ಆಮೇಲೆ ಕಾರು ಏಳೋದೇ ಇಲ್ಲ" ಎಂದಳು ಹರಿಣಿ. ಹುಡುಗಿ ಮಾತಾಡುವಾಗ ರೆಪ್ಪೆ ಬಡಿಯುತ್ತಿರಲಿಲ್ಲ.

ಅತ್ತೆ ಒಳಗಿನಿಂದ ಕೇಳಿಸಿಕೊಂಡು ಹೊರಗೆ ಬಂದರು. "ಏಳೋದೇ ಇಲ್ವಾ?"

"ಇಲ್ಲ ಅಜ್ಜಿ."

"ಹಾಗಾದ್ರೆ ಅದನ್ನ ಕಾರು ಅಂತ ಯಾಕೆ ಕರೀಬೇಕು?" ಎಂದು ಅತ್ತೆ ಒಳಗೆ ಹೋದರು.

ಮೂರು ದಿನ ನಾನು ಅದೇ ಯೋಚನೆಯಲ್ಲಿದ್ದೆ. ನನ್ನ ಗಂಡ ಚಂದ್ರಮೌಳಿ ಬೆಳಗ್ಗೆ ಹಲ್ಲುಜ್ಜುತ್ತಾ "ಮಿಂಚೇ ಸರಿ" ಎನ್ನುತ್ತಿದ್ದರು. ಸಂಜೆ ಆಫೀಸಿನಿಂದ ಬಂದು ಚಪ್ಪಲಿ ಬಿಡುತ್ತಾ "ಅಲ್ಲ, ದರ್ಜಿ ಮನೆ ಮೇಲೆ ಕಾರು ಕೂತಾಗ ಸಂಘದವರು ನಮ್ಮನ್ನ ಒಂದು ಮಾತೂ ಕೇಳದೆ ಹೆಂಚು ಹೊದಿಸಿಕೊಟ್ರಲ್ಲ" ಎನ್ನುತ್ತಿದ್ದರು. ಅದೂ ನಿಜವೇ. ಸಂಘದ ಏಜೆಂಟ್ ಪುಟ್ಟಸ್ವಾಮಯ್ಯನವರು ಆಗ ದರ್ಜಿಯ ಮನೆಯಲ್ಲೇ ಕೂತು, ಹೆಂಚು ಏರಿಸುವವರೆಗೂ ಎದ್ದಿರಲಿಲ್ಲ. ದರ್ಜಿಯ ಹೆಂಡತಿ ಅತ್ತಾಗ ತಾವೂ ಒಂದಿಷ್ಟು ಅತ್ತರಂತೆ. ಅಂಥವರನ್ನು ಬಿಡುವುದು ಹೇಗೆ? ಬಿಡದಿದ್ದರೆ ಭಟ್ಟರನ್ನು ಉಳಿಸಿಕೊಳ್ಳುವುದು ಹೇಗೆ? ಹಿಟ್ಟು ರುಬ್ಬುವಾಗ ಸಂಘ ಅನ್ನಿಸುತ್ತಿತ್ತು, ಹಿಟ್ಟು ತುಂಬುವಾಗ ಮಿಂಚು ಅನ್ನಿಸುತ್ತಿತ್ತು.

ನಾಲ್ಕನೇ ದಿನ ಬೆಳಗ್ಗೆ ನಾನು ಡಬರಿಗಳನ್ನು ಕಾರಿಗೆ ಏರಿಸುತ್ತಿರುವಾಗ ಗೇಟಿನ ಈ ಕಡೆಯಿಂದ ಪುಟ್ಟಸ್ವಾಮಯ್ಯನವರು ಬಂದರು, ಆ ಕಡೆಯಿಂದ ಹರಿಣಿ ಬಂದಳು. ಇಬ್ಬರೂ ನನ್ನ ಹೆಸರನ್ನು ಒಟ್ಟಿಗೇ ಕರೆದರು. ಪುಟ್ಟಸ್ವಾಮಯ್ಯನವರದು ದೊಡ್ಡ ಮೈ, ಕಿವಿಯ ಮೇಲೆ ಮಾತ್ರ ಕೂದಲು, ಇಸ್ತ್ರಿ ಮಾಡಿದ ಜುಬ್ಬ. ಅವರು ಹರಿಣಿಯನ್ನು ನೋಡಿ "ಓ" ಎಂದರು. ಹರಿಣಿ ಅವರನ್ನು ನೋಡಿ "ನಮಸ್ಕಾರ ಸಾರ್" ಎಂದಳು. ಆಮೇಲೆ ಇಬ್ಬರೂ ನನ್ನನ್ನು ನೋಡಿದರು.

"ನನಗೆ ಹೊತ್ತಾಯ್ತು" ಎಂದೆ. "ಮಾತಾಡೋದಿದ್ರೆ ಕಾರಲ್ಲಿ ಕೂತ್ಕೊಂಡೇ ಮಾತಾಡಿ. ಇಬ್ಬರೂ."

ಹಿಂದಿನ ಸೀಟಿನ ನಡುವೆ ಒಂದು ಡಬರಿ ಇತ್ತು. ಅದರ ಆ ಕಡೆ ಒಬ್ಬರು, ಈ ಕಡೆ ಒಬ್ಬರು ಕೂತು, ಅದು ಅಲುಗಾಡದಂತೆ ಇಬ್ಬರೂ ಅದರ ಮೇಲೆ ಒಂದೊಂದು ಕೈ ಇಟ್ಟುಕೊಂಡರು. ಉಳಿದ ಡಬರಿಗಳು ಅವರ ಬೆನ್ನ ಹಿಂದೆ. ದಾರಿಯುದ್ದಕ್ಕೂ ಪುಟ್ಟಸ್ವಾಮಯ್ಯನವರು ನಮ್ಮ ಮಾವನವರ ಕಾಲದ ನೆನಪು ತೆಗೆದರು, ಹರಿಣಿ ರಿಯಾಯಿತಿಯ ವಿಚಾರ ತೆಗೆದಳು. ಅತ್ತೆ ಯಾವುದಕ್ಕೂ ತಲೆ ಹಾಕಲಿಲ್ಲ. ಭಟ್ಟರ ಹೋಟೆಲಿನ ಬೀದಿಗೆ ತಿರುಗಿದೆ. ಹೋಟೆಲಿನ ಹೊಗೆ ಕಾಣಿಸಿತು, ಮೆಟ್ಟಿಲ ಮೇಲೆ ಸೊಂಟದ ಮೇಲೆ ಕೈಯಿಟ್ಟು ನಿಂತ ಭಟ್ಟರು ಕಾಣಿಸಿದರು. ಬಂದೇಬಿಟ್ಟೆ ಅಂದುಕೊಂಡೆ. ಅಷ್ಟರಲ್ಲಿ ಸ್ಟಿಯರಿಂಗ್ ಹಗುರಾಯಿತು.

"ಎದ್ವಿ" ಎಂದರು ಅತ್ತೆ, ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸುತ್ತಾ.

ಭಟ್ಟರ ಮುಖ ಹೋಯಿತು, ಅವರ ನೆತ್ತಿ ಬಂತು, ಹೋಟೆಲಿನ ಬೋರ್ಡು ಬಂತು, ಆಮೇಲೆ ಹೋಟೆಲಿನ ಮೇಲಿನ ಮಹಡಿಯ ಬಾಲ್ಕನಿ ಬಂತು. ಅಲ್ಲಿ ಭಟ್ಟರ ಹೆಂಡತಿ ತುಳಸಿಗೆ ನೀರು ಹಾಕುತ್ತಿದ್ದರು. ನಮ್ಮನ್ನು ಕಂಡು ಚೊಂಬು ಕೆಳಗಿಟ್ಟು ಕಾಫಿ ತರಲು ಒಳಗೆ ಹೋದರು. ನಾನು ಎಂಜಿನ್ ಆರಿಸಿ, ಬ್ರೇಕ್ ಎಳೆದು, ಹಾರನ್ ಹೊಡೆದು, ಹಣೆಯನ್ನು ಸ್ಟಿಯರಿಂಗಿಗೆ ಒತ್ತಿ ಕೂತೆ. ನನ್ನ ವ್ಯಾಪಾರ ಮುಗಿಯಿತು ಅಂತಲೇ ಅನ್ನಿಸಿತು.

ಹಿಂದೆ ಇಬ್ಬರೂ ಫೋನ್ ತೆಗೆದಿದ್ದರು. ಹರಿಣಿ ನಾವಿದ್ದ ಜಾಗ ಹೇಳಿ, "ಈಗ ನೋಡಿ ಮೇಡಂ" ಎಂದಳು. ಪುಟ್ಟಸ್ವಾಮಯ್ಯನವರು "ಮರೀಗೌಡ್ರೇ, ಎಲ್ಲಿದೀರಿ?" ಎಂದು ಕೇಳಿ, ಉತ್ತರ ಕೇಳಿಸಿಕೊಂಡು, ಫೋನನ್ನು ಎದೆಗೊತ್ತಿ ಹಿಡಿದರು. ಆಮೇಲೆ ಕಿಟಕಿಯಿಂದ ಕೆಳಗೆ ಬಗ್ಗಿದರು.

"ಇಲ್ಲೇ ಇದಾರೆ. ಭಟ್ರ ಹೋಟ್ಲಲ್ಲೇ. ದೋಸೆಗೆ ಹೇಳಿ ಕೂತಿದಾರಂತೆ."

"ಹಾಗಾದ್ರೆ ಬರೋಕೆ ಹೇಳಿ" ಎಂದೆ.

"ಹೇಳ್ದೆ. ದೋಸೆ ಇನ್ನೂ ಬಂದಿಲ್ವಂತೆ."

"ಹೇಗೆ ಬರತ್ತೆ? ಹಿಟ್ಟು ಇಲ್ಲಿದೆಯಲ್ಲ" ಎಂದಳು ಹರಿಣಿ. ಮೊದಲು ಅವಳ ಬಾಯಿಯ ಒಂದು ತುದಿ ಅಲುಗಿತು, ಆಮೇಲೆ ಅವಳು ತಡೆಯಲಾರದೆ ನಕ್ಕಳು. ಪುಟ್ಟಸ್ವಾಮಯ್ಯನವರ ಹೊಟ್ಟೆಯೂ ಕುಣಿಯತೊಡಗಿತು. ಡಬರಿ ಅಲುಗಿತು. ಕಾರೂ ಒಂದಿಷ್ಟು ಓಲಾಡಿತು. ನೆಲದ ಮೇಲಿದ್ದರೆ ಅಷ್ಟೇನೂ ನಗು ಬರುವ ಮಾತಾಗಿರಲಿಲ್ಲ. ಆದರೆ ಕಾಲ ಕೆಳಗೆ ಏನೂ ಇಲ್ಲದಿರುವಾಗ ನಗು ಹೊಟ್ಟೆಯಿಂದ ಗಂಟಲಿಗೆ ಬೇಗ ಬರುತ್ತದೆ.

ಕೆಳಗಿನಿಂದ ಭಟ್ಟರ ದನಿ ಕೇಳಿಸಿತು. "ಕುಮುದಾ, ಒಳಗೆ ನಲವತ್ತು ಜನ ಕೂತಿದಾರೆ. ಕಾವಲಿ ಕಾದು ಕೂತಿದೆ. ನಾನೇನು ಮಾಡ್ಲಿ ಹೇಳು."

ಅತ್ತೆ ಹಿಂದಕ್ಕೆ ತಿರುಗಿದರು. ಡಬರಿಗಳಿಗೆ ಹೊದಿಸಿದ್ದ ಹಳೆಯ ಸೀರೆಯನ್ನು ಎಳೆದುಕೊಂಡು, ಅದರ ಒಂದು ತುದಿಯನ್ನು ಸಣ್ಣ ಡಬರಿಯ ಎರಡು ಕಿವಿಗೂ ಸುತ್ತಿ ಗಂಟು ಹಾಕಿದರು. "ಕಿಟಕಿಯಿಂದ ಇಳಿಸೋಣ. ಪುಟ್ಟಸ್ವಾಮಿ, ನೀನು ತೂಕವಾಗಿದೀಯ, ನೀನು ಹಿಡ್ಕೊ. ಮಗು, ನೀನು ಸೀರೆ ಬಿಡ್ತಾ ಬಾ."

ಆರು ಮೊಳ ಸೀರೆ ಇಳಿಯಿತು. ಇನ್ನೂ ನೆಲ ಸಿಗಲಿಲ್ಲ. ಭಟ್ಟರು ಬೆಂಚಿನ ಮೇಲೆ ಬೆಂಚು ಹಾಕಿಸಿ ಹತ್ತಿ, ತುದಿಗಾಲಲ್ಲಿ ನಿಂತು ಡಬರಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು, ಮಗುವನ್ನು ತೊಟ್ಟಿಲಿನಿಂದ ಎತ್ತಿಕೊಳ್ಳುವ ಹಾಗೆ. ಬೀದಿಯಲ್ಲಿ ನೆರೆದಿದ್ದವರು ಚಪ್ಪಾಳೆ ತಟ್ಟಿದರು. ಖಾಲಿ ಸೀರೆ ಮೇಲೆ ಬಂತು, ಇನ್ನೊಂದು ಡಬರಿ ಹೋಯಿತು. ಒಳಗಿನಿಂದ ಚುಂಯ್ ಎಂದು ಕಾವಲಿಯ ಸದ್ದು ಬಂದಾಗ ನನ್ನ ಕಣ್ಣಲ್ಲಿ ನೀರು ಬಂತು. ಅಷ್ಟರಲ್ಲಿ ಭಟ್ಟರ ಹೆಂಡತಿ ಸೌಟಿನಲ್ಲಿ ಕಾಫಿ ಚಾಚಿದರು. ಅತ್ತೆ ತಮ್ಮ ಲೋಟ ತೆಗೆದುಕೊಂಡು ಕುಡಿಯಲಿಲ್ಲ. ಬೆರಳು ಅದ್ದಿ ನೋಡಿ, "ಬಿಸಿ ಇದೆ. ನೋಡೋಣ ನಿಮ್ಮ ಮಿಂಚಿನವರು ಯಾವಾಗ ಬರ್ತಾರೋ" ಎಂದರು.

ಹಿಟ್ಟು ಹೋದ ಮೇಲೆ ಸೀಟಿನ ಹಿಂದುಗಡೆಯೆಲ್ಲ ಖಾಲಿಯಾಯಿತು. ಇಬ್ಬರ ನಡುವಿನ ಡಬರಿಯೊಂದೇ ಉಳಿದಿತ್ತು, ಅದು ಹಾಸ್ಟೆಲಿನದು; ಮನೆಗಳ ಪಾಲಿನದೂ ಭಟ್ಟರಿಗೇ ಹೋಗಿತ್ತು. ಅದರ ಮೇಲೆ ಮೊಣಕೈ ಊರಿಕೊಂಡು ಪುಟ್ಟಸ್ವಾಮಯ್ಯನವರು ಕಾಫಿ ಹೀರುತ್ತಾ ಕೂತಿದ್ದರು. ಊರೆಲ್ಲ ಕಾಣುತ್ತಿತ್ತು. ಯಾರದೋ ತಾರಸಿಯ ಮೇಲೆ ಬೆಕ್ಕೊಂದು ಮೆಣಸಿನಕಾಯಿಗಳ ನಡುವೆ ಮಲಗಿತ್ತು. ಅವರು ಅದನ್ನೇ ನೋಡುತ್ತಾ ಹೇಳಿದರು.

"ಕುಮುದಮ್ಮ, ಒಂದು ಮಾತು ಹೇಳ್ತೀನಿ. ನೀವು ಮಿಂಚಿಗೇ ಹೋಗಿಬಿಡಿ."

ನಾನು ಹಿಂದಕ್ಕೆ ತಿರುಗಿದೆ.

"ಮರೀಗೌಡ್ರಿಗೆ ಮಂಡಿ ನೋವು. ಇಡೀ ಊರಿಗೆ ಅವರೊಬ್ರೇ. ನಾನು ಸಂಘಕ್ಕೆ ಹೇಳ್ತಾನೇ ಇದೀನಿ, ಇನ್ನೊಬ್ರನ್ನ ಹಾಕಿ ಅಂತ. ಹಾಕಲ್ಲ. ನಾನು ಬಂದಿದ್ದು ನಿಮ್ಮನ್ನ ಉಳಿಸ್ಕೊಳ್ಳೋಕೇ. ಆದ್ರೆ ಆ ಭಟ್ರು ಡಬರಿನ ಹಿಡ್ಕೊಂಡ್ರಲ್ಲ, ಅದನ್ನ ನೋಡಿದ ಮೇಲೆ ನನಗೆ ಸುಳ್ಳು ಹೇಳೋಕೆ ಆಗ್ತಿಲ್ಲ. ನಿಮಗೆ ಬೇಕಾಗಿರೋದು ಬೇಗ ಬರೋರು."

"ಬೇಡ ಅಕ್ಕ" ಎಂದಳು ಹರಿಣಿ. ಮೇಡಂ ಎನ್ನುತ್ತಿದ್ದವಳು ಯಾವಾಗ ಅಕ್ಕ ಎನ್ನತೊಡಗಿದಳೋ ನನಗೆ ತಿಳಿಯಲಿಲ್ಲ. "ನಮ್ಮಲ್ಲಿಗೆ ಬರಬೇಡಿ. ಬೇಗ ಬರ್ತೀವಿ, ಅದು ನಿಜ. ಆದ್ರೆ ನಮ್ಮ ವಿಮೆ ಸರಿಯಿಲ್ಲ. ಕಾರಿಗೆ ಏನಾದ್ರೂ ಆದ್ರೆ ಕೊಡ್ತಾರೆ. ಕಾರಿಂದ ಕೆಳಗೆ ಬಿದ್ದಿದ್ದಕ್ಕೆ, ಬಿದ್ದು ಯಾರದಾದ್ರೂ ಏನಾದ್ರೂ ಹಾಳಾದ್ರೆ ಅದಕ್ಕೆ, ಏನೂ ಕೊಡಲ್ಲ. ಬಿದ್ದಿದ್ದು ಹಿಟ್ಟು, ಕಾರಲ್ಲ, ಅಂತಾರೆ. ನೀವು ಹಿಟ್ಟು ಸಾಗಿಸೋರು. ಆಮೇಲೆ ಆ ಕಬ್ಬಿಣದ ಹಾಸು... ಅದನ್ನ ಹಾಕ್ಸಿದ್ರೆ ಇದೆಲ್ಲ ಎಲ್ಲಿರತ್ತೆ?" ಅವಳು ಕಿಟಕಿಯಾಚೆ ಕೈ ಬೀಸಿದಳು. "ನಾನು ಈ ಊರಿಗೆ ಬಂದ ಮೇಲೆ ಎದ್ದಿದ್ದು ಇದೇ ಮೊದಲು. ಗೊತ್ತೇ ಇರ್ಲಿಲ್ಲ ನನಗೆ."

"ಅಲ್ಲಮ್ಮ, ನಿಮ್ಮ ಕ್ರೇನು ಒಳ್ಳೇ ಕ್ರೇನು" ಎಂದರು ಪುಟ್ಟಸ್ವಾಮಯ್ಯ.

"ನಿಮ್ಮ ವಿಮೆ ಒಳ್ಳೇ ವಿಮೆ ಸಾರ್. ನಮ್ಮ ಆಫೀಸಲ್ಲೇ ಹಾಗಂತಾರೆ."

"ಹಾಗಂತಾರಾ?" ಅವರ ಕಿವಿ ಕೆಂಪಾಯಿತು.

ಒಬ್ಬರನ್ನೊಬ್ಬರು ಹೊಗಳಿಕೊಳ್ಳುತ್ತಾ ಇಬ್ಬರೂ ನನ್ನನ್ನು ಎದುರಾಳಿಯ ಕಡೆಗೆ ತಳ್ಳುತ್ತಿದ್ದರು. ಮೂರು ದಿನ ಒಬ್ಬಳೇ ಹೊತ್ತು ತಿರುಗಿದ ಯೋಚನೆ ಈಗ ನಾಲ್ಕು ಜನರ ನಡುವೆ ಚೆಂಡಿನ ಹಾಗೆ ಓಡಾಡುತ್ತಿತ್ತು. ನನಗೆ ಮತ್ತೆ ನಗು ಬಂತು. ಅತ್ತೆ ಬೆರಳು ಅದ್ದಿ ನೋಡಿ, "ಉಗುರುಬೆಚ್ಚಗಿದೆ" ಎಂದರು. ಅವರ ಬಾಯಿ ಮುಚ್ಚುವುದರೊಳಗೆ ಬೀದಿಯ ತುದಿಯಲ್ಲಿ ನೇರಳೆ ಕ್ರೇನು ಕಾಣಿಸಿತು.

ಕ್ರೇನಿನವನು ಚುರುಕು. ಇಳಿದವನೇ ಕೊಕ್ಕೆಯನ್ನು ಬೀಸಿ ಎಸೆದು ನಮ್ಮ ಮುಂದಿನ ಬಂಪರಿಗೆ ಸಿಕ್ಕಿಸಿದ. ಭಟ್ಟರು ಒಳಗಿನಿಂದ ಸೌಟು ಹಿಡಿದೇ ಓಡಿಬಂದರು. "ಸ್ವಲ್ಪ ತಡೀರಪ್ಪ, ಮೇಲಿರೋರಿಗೆ ದೋಸೆ ಕಳಿಸ್ತಾ ಇದೀನಿ." ಅವನು ತಡೆಯಲಿಲ್ಲ. ಕಾಫಿ ಆರುವುದರೊಳಗೆ ಇಳಿಸುವುದು ಅವನ ಕೆಲಸ. ಅದೇ ಹೊತ್ತಿಗೆ ಹೋಟೆಲಿನಿಂದ ಮರೀಗೌಡರು ಕೈ ತೊಳೆದುಕೊಂಡು ಪಂಚೆಗೆ ಒರೆಸಿಕೊಳ್ಳುತ್ತಾ ಹೊರಗೆ ಬಂದರು. ದೋಸೆ ಚೆನ್ನಾಗಿತ್ತು ಎಂದು ಅವರ ಮುಖ ಹೇಳುತ್ತಿತ್ತು. ನೇರಳೆ ಹಗ್ಗ ನೋಡಿದರು, ಮೇಲೆ ಕೂತ ಪುಟ್ಟಸ್ವಾಮಯ್ಯನವರನ್ನು ನೋಡಿದರು.

"ನಮ್ಮ ಗಾಡಿಗೆ ನೀನ್ಯಾಕಪ್ಪ ಕೊಕ್ಕೆ ಹಾಕಿದೀಯ?" ಎಂದರು ಕ್ರೇನಿನವನಿಗೆ.

"ಫೋನ್ ಬಂತು, ಬಂದೆ."

"ನನಗೂ ಬಂತು" ಎಂದು ಮರೀಗೌಡರು ತಮ್ಮ ಹಗ್ಗ ಬಿಚ್ಚಿದರು. ಮಂಡಿ ನೋವಿರಬಹುದು, ತೋಳಿಗೇನೂ ಆಗಿರಲಿಲ್ಲ. ಒಂದೇ ಎಸೆತಕ್ಕೆ ಕೊಕ್ಕೆ ಬಂದು ನಮ್ಮ ಹಿಂದಿನ ಬಂಪರಿಗೆ ಕಚ್ಚಿಕೊಂಡಿತು.

ನಾವು ನಾಲ್ವರೂ ಮೇಲಿನಿಂದ "ಬೇಡ, ಬೇಡ" ಎಂದೆವು. ಕೆಳಗೆ ಅದು "ಹೂಂ, ಹೂಂ" ಎಂದು ಕೇಳಿಸಿರಬೇಕು. ಕ್ರೇನು ಮುಂಭಾಗವನ್ನು ಎಡಕ್ಕೆ ಎಳೆಯಿತು, ಮರೀಗೌಡರು ಹಿಂಭಾಗವನ್ನು ಬಲಕ್ಕೆ ಎಳೆದರು. ಕಾರು ಬುಗುರಿಯ ಹಾಗೆ ತಿರುಗಿತು.

ಮೊದಲ ಸುತ್ತಿನಲ್ಲಿ ಭಟ್ಟರ ಹೆಂಡತಿ, ತುಳಸಿ, ಟ್ಯಾಂಕು, ಬೆಕ್ಕು, ಗಡಿಯಾರದ ಗೋಪುರ ಒಂದಾದ ಮೇಲೊಂದು ಸರಿಯಾಗಿ ಕಂಡವು. ಎರಡನೇ ಸುತ್ತಿನಲ್ಲಿ ಟ್ಯಾಂಕಿನ ಮೇಲೆ ಬೆಕ್ಕು, ಬೆಕ್ಕಿನ ಮೇಲೆ ಗೋಪುರ ಕಂಡಿತು. ಆಮೇಲೆ ಎಲ್ಲವೂ ಸೇರಿ ಒಂದೇ ಬಣ್ಣದ ಪಟ್ಟೆಯಾಯಿತು. ಹೊಟ್ಟೆ ಎಲ್ಲಿದೆ, ತಲೆ ಎಲ್ಲಿದೆ ಗೊತ್ತಾಗಲಿಲ್ಲ. ಹಾಸ್ಟೆಲಿನ ಡಬರಿಯ ಮುಚ್ಚಳ ಹಾರಿಹೋಯಿತು. ಬಿಳಿ ಹಿಟ್ಟು ಕಿಟಕಿಯಿಂದ ಆಚೆಗೆ, ದೊಡ್ಡ ಕೊಡೆ ಬಿಚ್ಚಿದಂತೆ ಸುತ್ತಲೂ ಹರಡಿಕೊಂಡು ಹೋಯಿತು. ಕಿರುಚಬೇಕಾದ ಜಾಗದಲ್ಲಿ ನಾನು ನಗುತ್ತಿದ್ದೆ. ಅತ್ತೆ ಎರಡೂ ಕೈ ಮೇಲೆತ್ತಿ, ಹಲ್ಲಿಲ್ಲದ ಬಾಯಿ ತೆರೆದು ನಗುತ್ತಿದ್ದರು. ಮದುವೆಯಾಗಿ ಈ ಮನೆಗೆ ಬಂದಾಗಿನಿಂದ ಅವರು ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ. ಹಿಂದೆ ಪುಟ್ಟಸ್ವಾಮಯ್ಯನವರು "ತಾಯಿ, ತಾಯಿ, ತಾಯಿ" ಎನ್ನುತ್ತಿದ್ದರು. ಹರಿಣಿ "ಇನ್ನೊಂದ್ಸಲ" ಎನ್ನುತ್ತಿದ್ದಳು.

ಇಬ್ಬರ ಹಗ್ಗವೂ ಸುತ್ತಿಕೊಂಡು ಗಿಡ್ಡವಾಗುತ್ತಾ ಬಂದದ್ದರಿಂದ ಕಾರು ತಾನಾಗಿಯೇ ಕೆಳಗಿಳಿಯುತ್ತಾ ಬಂತು. ಕೊನೆಗೆ ರಸ್ತೆಯ ಮಧ್ಯೆ ಮೆತ್ತಗೆ ಕೂತಿತು. ಬಾಗಿಲು ತೆಗೆದು ಇಳಿದೆ. ಬೀದಿ ಎದ್ದು ಬಂದು ನನ್ನ ಭುಜಕ್ಕೆ ತಾಗಿತು. ಯಾರೋ ಹಿಡಿದು ಹೋಟೆಲಿನ ಮೆಟ್ಟಿಲ ಮೇಲೆ ಕೂರಿಸಿದರು. ಅತ್ತೆಯನ್ನು ಭಟ್ಟರು ಹೋಟೆಲಿನ ಕುರ್ಚಿಯಲ್ಲಿ ಕೂರಿಸಿ, ಕುರ್ಚಿ ಸಮೇತ ಎತ್ತಿಕೊಂಡು ಬಂದರು. ಹರಿಣಿ ಮೋರಿಯ ಕಟ್ಟೆಯ ಮೇಲೆ ಅಂಗಾತ ಮಲಗಿದಳು.

ಆಗ ತಾಯಮ್ಮನ ದನಿ ಕೇಳಿಸಿತು. ತಾಯಮ್ಮ ಹೋಟೆಲಿನ ಎದುರು ಇಸ್ತ್ರಿ ಗಾಡಿ ಇಟ್ಟುಕೊಂಡವಳು. ಸಂಜೆಯ ಮೆರವಣಿಗೆಗೆಂದು ಬ್ಯಾಂಡಿನವರ ನೀಲಿ ಕೋಟುಗಳನ್ನೆಲ್ಲ ಇಸ್ತ್ರಿ ಮಾಡಿ ಸಾಲಾಗಿ ನೇತುಹಾಕಿದ್ದಳು. ಈಗ ಅವು ಒಂದೂ ನೀಲಿಯಾಗಿರಲಿಲ್ಲ. ಅವಳು ಅಳುತ್ತಿರಲಿಲ್ಲ, ಬೈಯುತ್ತಲೂ ಇರಲಿಲ್ಲ. ಒಂದು ಕೋಟಿನ ತೋಳು ಹಿಡಿದುಕೊಂಡು, "ಬ್ಯಾಂಡಿನೋರಿಗೆ ನಾನೇನ್ ಹೇಳ್ಲಿ?" ಎಂದು ಅದನ್ನೇ ಕೇಳುತ್ತಿದ್ದಳು.

ನಗು ನಿಂತಿತು. ಕ್ರೇನಿನವನು ಕಾರಿನ ಸುತ್ತ ಒಂದು ಸುತ್ತು ಬಂದು, "ಗಾಡಿಗೇನೂ ಆಗಿಲ್ಲ. ಹಿಟ್ಟಿನ ಜವಾಬ್ದಾರಿ ನಮ್ಮದಲ್ಲ" ಎಂದ. ಹರಿಣಿ ಮಲಗಿದಲ್ಲಿಂದಲೇ ಕೈಯೆತ್ತಿ, ನೋಡಿದಿರಾ ಎನ್ನುವಂತೆ ಬೀಸಿದಳು.

ಪುಟ್ಟಸ್ವಾಮಯ್ಯನವರು ಆಗ ಕಾರಿನಿಂದ ಇಳಿದರು. ಎರಡು ಹೆಜ್ಜೆ ಎಡಕ್ಕೆ ಹೋಗಿ, ಎರಡು ಹೆಜ್ಜೆ ಬಲಕ್ಕೆ ಬಂದು, ದೀಪದ ಕಂಬವನ್ನು ತಬ್ಬಿಕೊಂಡು ನಿಂತು, ಅಲ್ಲಿಂದ ಗುರಿ ನೋಡಿಕೊಂಡು ತಾಯಮ್ಮನ ಗಾಡಿಯವರೆಗೆ ಹೋದರು. ಅವರ ಬೋಳು ತಲೆಯ ಮೇಲೆ ಹಿಟ್ಟು ಗುಂಡಗೆ ದೋಸೆಯ ಹಾಗೇ ಕೂತಿತ್ತು.

"ತಾಯಮ್ಮ, ಇದು ನಮ್ಮ ಸಂಘದ ಗಾಡಿಯಿಂದ ಬಿದ್ದಿದ್ದು. ವಾಯಿದೆ ಇನ್ನೂ ಮುಗಿದಿಲ್ಲ. ಅಷ್ಟೂ ಕೋಟನ್ನು ಈಗ್ಲೇ ತೊಳೆಸೋಣ, ಕಲೆ ಹೋಗಿಲ್ಲ ಅಂದ್ರೆ ಸಂಘದಿಂದ ಹೊಸಾದು ಕೊಡಿಸ್ತೀನಿ. ಬ್ಯಾಂಡಿನೋರ ಹತ್ರ ನಾನೇ ಮಾತಾಡ್ತೀನಿ" ಎಂದರು. ಎಂದವರೇ ಜುಬ್ಬದ ತೋಳು ಮಡಿಸಿ ನಲ್ಲಿಯ ಹತ್ತಿರ ಹೋಗಿ ಬಕೀಟು ಇಟ್ಟರು. ಬಕೀಟು ನಲ್ಲಿಯ ಕೆಳಗಿರಲಿಲ್ಲ, ಪಕ್ಕದಲ್ಲಿತ್ತು. ಮರೀಗೌಡರು ಬಂದು ಸರಿಯಾಗಿ ಇಟ್ಟರು.

ನಾನು ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದೆ. ತಲೆ ಇನ್ನೂ ತಿರುಗುತ್ತಿತ್ತು, ಆದರೆ ಅದರೊಳಗಿನ ಯೋಚನೆ ಮಾತ್ರ ತಿರುಗುವುದನ್ನು ನಿಲ್ಲಿಸಿತ್ತು. ಅತ್ತೆಯ ಲೋಟದಲ್ಲಿ ಕಾಫಿ ಬೆಚ್ಚಗಿರುವಾಗಲೇ ಮಿಂಚಿನವರು ಬಂದದ್ದು ನಿಜ. ಪುಟ್ಟಸ್ವಾಮಯ್ಯನವರು ಹಿಟ್ಟು ಮೆತ್ತಿಕೊಂಡು ಕೋಟು ಒಗೆಯುತ್ತಿದ್ದದ್ದೂ ನಿಜ.

"ಹರಿಣಿ" ಎಂದು ಕರೆದೆ. "ವಿಮೆ ಸಂಘದ್ದೇ ಇರ್ಲಿ. ಎಳೆದು ಇಳಿಸೋ ಕೆಲಸ ಮಾತ್ರ ನಿಮ್ಮದು. ಆಗತ್ತಾ?"

ಅವಳು ಎದ್ದು ಕೂತಳು. "ಹಾಗೆ ಬೇರೆ ಬೇರೆ ಯಾರೂ ಕೇಳಿಲ್ಲ ಅಕ್ಕ."

"ಯಾರೂ ಕೇಳಿಲ್ಲ ಅಂದ್ರೆ ಕೊಡಲ್ಲ ಅಂತಲ್ಲ" ಎಂದರು ನಲ್ಲಿಯ ಹತ್ತಿರದಿಂದ ಪುಟ್ಟಸ್ವಾಮಯ್ಯ. "ನಮ್ಮ ಕಡೆಯಿಂದ ಅಡ್ಡಿಯಿಲ್ಲ. ಮರೀಗೌಡ್ರೇ, ನಿಮಗೆ?"

"ಒಂದು ಗಾಡಿ ಕಡಿಮೆ ಆಯ್ತಲ್ಲ, ಪುಣ್ಯ" ಎಂದರು ಮರೀಗೌಡರು ಮಂಡಿ ನೀವಿಕೊಳ್ಳುತ್ತಾ. "ಇಡೀ ಊರು ಹಾಗೇ ಮಾಡ್ಲಿ. ನಾನು ದೋಸೆ ತಿಂತೀನಿ."

ಹರಿಣಿ ತನ್ನ ಆಫೀಸಿಗೆ ಫೋನ್ ಮಾಡಿದಳು. ಮೊದಲು ಸರ್ ಎಂದಳು, ಆಮೇಲೆ ಬಹಳ ಹೊತ್ತು ಕೇಳಿಸಿಕೊಂಡಳು, ಆಮೇಲೆ, "ಇಲ್ಲ ಸರ್, ನನಗೆ ತಲೆ ತಿರುಗ್ತಾ ಇರೋದು ನಿಜ, ಆದ್ರೆ ನಾನು ಸರಿಯಾಗೇ ಹೇಳ್ತಾ ಇದೀನಿ" ಎಂದಳು. "ಬರೀ ಕ್ರೇನು. ಹಾಸು ಬೇಡ. ಇದಕ್ಕೆ ಒಪ್ಪಲ್ಲ ಅಂದ್ರೆ ಅದೂ ಸಿಗಲ್ಲ. ಇಲ್ಲಿ ಬೀದಿ ತುಂಬಾ ಜನ ಇದಾರೆ ಸರ್, ನೀವು ಹೂಂ ಅಂದ್ರೆ ಇನ್ನೂ ಹತ್ತು ಗಾಡಿ ಬರತ್ತೆ." ಅದು ಸುಳ್ಳಾಗಿತ್ತು. ಆದರೆ ಅವಳು ಹಾಗೆಂದ ಕೂಡಲೇ ನೋಡುತ್ತಾ ನಿಂತಿದ್ದ ಇಬ್ಬರು "ನಮ್ದೂ ಹಾಗೇ ಮಾಡ್ಬಿಡಿ" ಎಂದರು. ಅವಳು ಫೋನು ಕೆಳಗಿಟ್ಟು ನನ್ನ ಕಡೆ ತಲೆಯಾಡಿಸಿದಳು. ಆಗುತ್ತೆ ಎಂದೋ ಆಗಲ್ಲ ಎಂದೋ ತಿಳಿಯದೆ ನಾನು ಎರಡು ಸಲ ಕೇಳಬೇಕಾಯಿತು. ಆಗುತ್ತೆ ಅಂತಲೇ.

ಭಟ್ಟರು ನಮಗೆಲ್ಲ ದೋಸೆ ತಂದುಕೊಟ್ಟರು, ಕ್ರೇನಿನವನಿಗೂ. ನನ್ನ ತಟ್ಟೆ ಕೊಡುವಾಗ, "ನಾಳೆಯಿಂದ ಎರಡು ಡಬರಿ ಜಾಸ್ತಿ ತಂದುಬಿಡು. ಇವತ್ತು ನೋಡೋಕೆ ಬಂದೋರೆಲ್ಲ ತಿಂದೇ ಹೋಗ್ತಾ ಇದಾರೆ" ಎಂದರು. ಹಾಸ್ಟೆಲಿನವರಿಗೆ ಫೋನ್ ಮಾಡಿ "ಕಾರು ಎದ್ದಿತ್ತು" ಅಂದೆ. "ಗೊತ್ತು, ನಮ್ಮ ತಾರಸಿಯಿಂದ ಕಾಣಿಸ್ತು. ಉಪ್ಪಿಟ್ಟು ಮಾಡ್ಕೊಂಡ್ವಿ" ಎಂದರು. ಕೋಟುಗಳನ್ನು ಎಲ್ಲರೂ ಸೇರಿ ಒಗೆದೆವು. ಹರಿಣಿ ಹಿಂಡಿದಳು, ತಾಯಮ್ಮ ಒದ್ದೆಯಲ್ಲೇ ಇಸ್ತ್ರಿ ಒತ್ತಿದಳು. ಇಸ್ತ್ರಿಯ ಹಬೆಯೆದ್ದ ಬೀದಿಯಲ್ಲಿ ಎಲ್ಲರೂ ಒಂದಿಷ್ಟು ಓಲಾಡುತ್ತಲೇ ಓಡಾಡುತ್ತಿದ್ದರು, ಕಾರಿನಲ್ಲಿ ಇಲ್ಲದಿದ್ದವರೂ.

ಅತ್ತೆ, ನಾನು ಮನೆ ಸೇರಿ ನಡುಮನೆಯ ತಣ್ಣನೆ ನೆಲದ ಮೇಲೆ ಪಕ್ಕಪಕ್ಕದಲ್ಲಿ ಮಲಗಿಬಿಟ್ಟೆವು. ಸೂರು ನಿಧಾನವಾಗಿ ತಿರುಗುತ್ತಿತ್ತು. ಊಟಕ್ಕೆ ಬಂದ ಚಂದ್ರಮೌಳಿ ನಮ್ಮನ್ನು ನೋಡಿ ಬಾಗಿಲಲ್ಲೇ ನಿಂತರು.

"ಏನಾಯ್ತು? ಯಾವುದು ಅಂತ ತೀರ್ಮಾನ ಆಯ್ತು?"

"ಎರಡೂ" ಎಂದೆ. ಅಷ್ಟಕ್ಕೇ ಅತ್ತೆಗೆ ನಗು ಬಂತು, ಅವರನ್ನು ನೋಡಿ ನನಗೂ ಬಂತು. ಹಿಟ್ಟು, ದೋಸೆ, ಬುಗುರಿ, ಕೋಟು ಎಂದು ಇಬ್ಬರೂ ಒಟ್ಟಿಗೆ ಹೇಳಿದೆವು. ಅವರಿಗೆ ಎಷ್ಟು ಅರ್ಥವಾಯಿತೋ. ಕೇಳುತ್ತಾ ಕೇಳುತ್ತಾ ಚಪ್ಪಲಿ ಬಿಟ್ಟು ಬಂದು ನನ್ನ ಪಕ್ಕದಲ್ಲಿ ತಾವೂ ಅಂಗಾತ ಮಲಗಿದರು. ಸೂರನ್ನೇ ದಿಟ್ಟಿಸಿದರು.

"ನನಗೇನೂ ತಿರುಗ್ತಾ ಇಲ್ವಲ್ಲ" ಎಂದರು.

ಇದೇ ಊರಿನಲ್ಲಿ ಹುಟ್ಟಿ ಬೆಳೆದವರಾದರೂ ಅವರು ಒಂದು ಸಲವೂ ಎದ್ದವರಲ್ಲ. ಆಫೀಸಿಗೆ ಸೈಕಲ್ಲು, ಮಾರ್ಕೆಟ್ಟಿಗೆ ಕಾಲು. ಸೈಕಲ್ಲು ಏಳುವುದಿಲ್ಲ.

"ನಾಳೆ ಬಾ" ಎಂದರು ಅತ್ತೆ, ಕಣ್ಣು ಮುಚ್ಚಿಕೊಂಡೇ. "ಹಿಂದಿನ ಸೀಟು ಖಾಲಿ ಇದೆ. ಡಬರಿ ಹಿಡ್ಕೊಂಡು ಕೂತ್ಕೋಬೇಕು, ಅಷ್ಟೇ."

ಚಂದ್ರಮೌಳಿ ನನ್ನ ಕೈಯನ್ನು ಹುಡುಕಿ ಹಿಡಿದುಕೊಂಡು, ಸೂರಿನ ಮೇಲಿಂದ ಕಣ್ಣು ತೆಗೆಯದೆ ಕೇಳಿದರು.

"ಎಷ್ಟು ಹೊತ್ತಿಗೆ ಹೊರಡ್ತೀರಿ?"